ನ್ಯೂಟ್ರಲ್

ಗೇರಿಲ್ಲದ ಗಾಡಿ ಇದು, ಕ್ಲಚ್ಚೂ ಇಲ್ಲ.
ಎಣ್ಣೆಯೇ ತಳ್ಳುತ್ತದೆ, ಎಣ್ಣೆಯೇ ತಡೆಯುತ್ತದೆ.
ಅಮ್ಮತ್ತಿ ಶಾಲೆಯ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತ
ಇಪ್ಪತ್ತೆಂಟು ವರ್ಷ.
ಕೆಂಪು ಬಣ್ಣ ಉಳಿದಿರುವುದು ಬಾನೆಟ್ಟಿನ ಒಳಗೆ ಮಾತ್ರ,
ಬಿಸಿಲು ಕಾಣದ ಕಡೆ.

ಡ್ರಿಲ್ ಮಾಸ್ಟ್ರು ಚೆಂಗಪ್ಪ ಪಿಕಪ್ಪಿನಲ್ಲಿ ಹೇರಿಕೊಂಡು
ಸಿದ್ದಾಪುರದ ನಮ್ಮ ಶೆಡ್ಡಿಗೆ ಬಂದರು.
"ನಿಲ್ಲಿಸಿದರೂ ನಿಲ್ಲೋದಿಲ್ಲ ಮಾರಾಯ್ತಿ.
ಲಿವರ್ ನಡುವೆ ಇಟ್ಟು ಗೋಲಿನ ಬಲೆ ಬಿಚ್ಚಲು ಇಳಿದೆ,
ನನ್ನ ಹಿಂದೆಯೇ ತೆವಳಿ ಬಲೆಯೊಳಗೆ ಬಂತು.
ಹುಡುಗರು ಗೋಲ್ ಅಂತ ಕೂಗಿದರು."

ಇನ್ನೊಂದು ದೂರು ಹೇಳಿದ್ದು ಮೆಲ್ಲಗೆ,
ಮನೆಯವರ ಕಾಯಿಲೆ ಹೇಳುವಂತೆ:
ಬೆಳಿಗ್ಗೆ ಚೆನ್ನಾಗಿರುತ್ತದೆ,
ಬಿಸಿಯಾದ ಮೇಲೆ ಏರು ಹತ್ತುವುದಿಲ್ಲ.

ಹಂಸಾಕನಿಗೆ ಈಗ ಕಿವಿ ಮಂದ.
ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಆನಿಸಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿ ಕೂತರು.
ಎಲುಬಿನ ದಾರಿಯಲ್ಲಿ ಬರುತ್ತದಂತೆ ಶಬ್ದ.
ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಕಂಡು ನಕ್ಕಿದ್ದೆ.
ಈಗ ಆ ಹಿಡಿಯ ಮೇಲೆ
ನನ್ನ ಹಲ್ಲಿನ ಗುರುತೂ ಇದೆ.

"ಗಾಳಿ ಕುಡಿದಿದೆ," ಅಂದರು.

ಎಣ್ಣೆ ಬಸಿದೆವು.
ಹಾಲು ಜಾಸ್ತಿಯಾದ ಕಾಫಿಯ ಬಣ್ಣ.
ಕಕ್ಕಡದ ಮಳೆ, ಸಡಿಲ ಮುಚ್ಚಳದ ಸಂದಿಯಿಂದ
ಹನಿ ಹನಿ ಇಳಿದು ಒಳಗೆ ಕೂತಿತ್ತು.
ಫಿಲ್ಟರಿನ ಮಡಿಕೆಯಲ್ಲಿ ಹಿತ್ತಾಳೆಯ ಪುಡಿ,
ಬೆರಳಿಗೆ ಹತ್ತಿ ಮಿನುಗಿತು.
"ಸ್ವಲ್ಪ ಇದ್ದರೆ ವಯಸ್ಸು, ಜಾಸ್ತಿ ಇದ್ದರೆ ಸಾವು."
ಇದು ಎಷ್ಟು, ಅಂತ ಕೇಳಿದೆ.
ಹಂಸಾಕ ಬೆರಳನ್ನು ಬನಿಯನಿಗೆ ಒರೆಸಿಕೊಂಡರು.

ಫ್ಯಾನಿನ ಎಂಟು ರೆಕ್ಕೆಗಳಲ್ಲಿ ಮೂರು ಮುರಿದಿದ್ದವು.
ಅದರಡಿ, ಪಂಪಿನ ಬೆನ್ನಿನ ಸಂದುಗಳಲ್ಲಿ
ಇಡೀ ಮೈದಾನದ ಹುಲ್ಲು ಮೆತ್ತಿ ಒಣಗಿ
ಕಂಬಳಿ ಹೊದೆಸಿದ ಹಾಗೆ.
ಪಾಪ, ಸೆಕೆಗೆ ಸೋಲದೆ ಇನ್ನೇನು?
ಹಳೆಯ ಟೂತ್‌ಬ್ರಷ್ಷಿನಲ್ಲಿ ಮಧ್ಯಾಹ್ನವಿಡೀ ಉಜ್ಜಿದೆ.
ಒಂದು ಸಂದಿನಲ್ಲಿ
ಯಾರದೋ ಶೂಲೇಸಿನ ತುದಿ ಸಿಕ್ಕಿತು.

ಲಿಂಕೇಜಿನ ದುಂಡನೆ ತೂತು ಸವೆದು ಮೊಟ್ಟೆಯಾಗಿತ್ತು.
ಪಾರ್ಟ್ ಸಿಗುವುದಿಲ್ಲ, ಮಾಡಿದ ಕಂಪನಿಯೇ ಇಲ್ಲ.
ಮೂಲೆಯಲ್ಲಿದ್ದ ಪಲ್ಪರಿನ ತಾಮ್ರದ ತಗಡು ಕತ್ತರಿಸಿ
ಸುತ್ತಿ ತುರುಕಿದೆವು.
ಎಷ್ಟು ಕ್ವಿಂಟಾಲ್ ಹಣ್ಣಿನ ಸಿಪ್ಪೆ ಸುಲಿದಿತ್ತೋ,
ಈಗ ಉಗುರಿನಗಲದ ಕೆಲಸ ಅದಕ್ಕೆ.

ಕೊನೆಗೆ ಜ್ಯಾಕ್. ಹಿಂದಿನ ಚಕ್ರಗಳೆರಡೂ ನೆಲ ಬಿಟ್ಟವು.
ಬೈಪಾಸ್ ತೆರೆದು ಮುಂದೆ, ಹಿಂದೆ, ಮುಂದೆ,
ಎಣ್ಣೆಯಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ.
ಬೈಪಾಸ್ ಮುಚ್ಚಿ ಲಿವರ್ ನಡುವೆ ಇಟ್ಟೆ.
ಚಕ್ರ ತಿರುಗುತ್ತಲೇ ಇತ್ತು.
ಟಯರಿಗಂಟಿದ ಒಂದು ಗರಿಕೆ
ಮೇಲೇರಿ, ಇಳಿದು, ಮರೆಯಾಗಿ
ಮತ್ತೆ ಬರುತ್ತಿತ್ತು.

ನಟ್ಟು ಒಂದು ಕೂದಲೆಳೆ ಬಲಕ್ಕೆ.
ಗರಿಕೆ ನಿಧಾನವಾಯಿತು.
ಇನ್ನೊಂದು ಎಳೆ.
ನಿಂತಿತು ಅನ್ನುವಷ್ಟರಲ್ಲಿ ಉಲ್ಟಾ ಹೊರಟಿತು.
"ದಾಟಿದೆ," ಅಂದರು ಹಂಸಾಕ, ಬಯ್ಯದೆ.
ಅವರು ಬಯ್ಯದಿದ್ದಾಗಲೇ ನನ್ನ ಕೈ ನಡುಗುವುದು.
ಅರ್ಧ ಎಳೆ ವಾಪಸ್.

ಗರಿಕೆ, ಒಂಬತ್ತು ಗಂಟೆಯ ಮುಳ್ಳಿನಂತೆ
ಅಡ್ಡ ನಿಂತಿತು.
ಇಂಜಿನ್ ಓಡುತ್ತಲೇ ಇತ್ತು.

"ಈಗ ನಿಂತಿತಾ?" ಬಾಗಿಲಿನಿಂದ ಮಾಸ್ಟ್ರು.
ಹಂಸಾಕನಿಗೆ ಕೇಳಿಸಲಿಲ್ಲ.
ನಾನು ಸ್ಕ್ರೂಡ್ರೈವರ್ ಕಚ್ಚಿ ಕೂತಿದ್ದೆ,
ಬಾಯಿ ತೆರೆಯುವಂತಿರಲಿಲ್ಲ.
ಒಳಗೆ ಪಂಪು ತಿರುಗುತ್ತಿತ್ತು,
ಏನನ್ನೂ ತಳ್ಳದೆ.

ತಲೆ ಅಲ್ಲಾಡಿಸಿದೆ.
ಹೌದೆಂದು ತಿಳಿದರೋ, ಇಲ್ಲವೆಂದೋ,
ಪರ್ಸು ತೆಗೆದರು.